ಎಲ್‌ಎಲ್‌ಎಂ ಪ್ರವೇಶಕ್ಕೆ ಇಂಗ್ಲಿಷ್ ಪರೀಕ್ಷೆ: ಅಂಕಮಿತಿ, ವಿನಾಯಿತಿ ಮತ್ತು ಬೋಧನಾ ಮಾಧ್ಯಮ

ವಿದೇಶದ ಕಾನೂನು ಶಾಲೆಗಳು ಎಲ್‌ಎಲ್‌ಎಂ ಅಭ್ಯರ್ಥಿಗಳ ಇಂಗ್ಲಿಷನ್ನು ಅಳೆಯಲು ಬಹುಮಟ್ಟಿಗೆ ಟೋಫೆಲ್ ಮತ್ತು ಐಇಎಲ್‌ಟಿಎಸ್ ಪರೀಕ್ಷೆಗಳನ್ನೇ ನೆಚ್ಚಿವೆ. 1964ರಲ್ಲಿ ಶುರುವಾದ ಟೋಫೆಲ್ ಆಗಲಿ, 1989ರ ಐಇಎಲ್‌ಟಿಎಸ್ ಆಗಲಿ ಕಾನೂನಿನ ಓದಿಗೆಂದೇ ರೂಪುಗೊಂಡವಲ್ಲ. ಅಭ್ಯರ್ಥಿಯ ಕಾನೂನು ಬರವಣಿಗೆಗಿಂತ ಅಂಕಗಳ ಗಣಿತ ಮತ್ತು ಬೋಧನಾ ಮಾಧ್ಯಮದ ಹಣೆಪಟ್ಟಿಯೇ ಇಲ್ಲಿ ಹೆಚ್ಚು ನಿರ್ಧಾರಕವಾಗಿದೆ ಎಂಬುದು ಈ ಲೇಖನದ ವಾದ.

ಮೊದಲು ಗಣಿತವನ್ನೇ ನೋಡೋಣ. 2026ರ ಜನವರಿಯಲ್ಲಿ ಟೋಫೆಲ್ ಒಂದರಿಂದ ಆರರ ಶ್ರೇಣಿಗೆ ಬದಲಾಯಿತು. ಅದಕ್ಕೆ ಮೊದಲು ಓದು, ಆಲಿಕೆ, ಮಾತು, ಬರಹಗಳಿಗೆ ತಲಾ 30ರಂತೆ ಒಟ್ಟು 120 ಅಂಕಗಳಿದ್ದವು. ಆ ಪದ್ಧತಿಯಲ್ಲಿ ಹಾರ್ವರ್ಡ್ ಎಲ್‌ಎಲ್‌ಎಂ ಕೇಳುತ್ತಿದ್ದ ಕನಿಷ್ಠ ಮಿತಿ ಒಟ್ಟು 100, ಪ್ರತಿ ವಿಭಾಗದಲ್ಲಿ 25. ನಾಲ್ಕು ಇಪ್ಪತ್ತೈದು ನೂರೇ ಆದ್ದರಿಂದ ಒಟ್ಟು ಅಂಕದ ಷರತ್ತು ಹೆಸರಿಗಷ್ಟೇ ಇತ್ತು. ಓದಿನಲ್ಲಿ 30, ಆಲಿಕೆಯಲ್ಲಿ 30, ಬರಹದಲ್ಲಿ 29 ಪಡೆದವರು ಮಾತಿನಲ್ಲಿ 24ಕ್ಕೆ ನಿಂತರೆ 113 ಅಂಕವಿದ್ದೂ ಮಿತಿ ಮುಟ್ಟುತ್ತಿರಲಿಲ್ಲ. ಎಲ್ಲದರಲ್ಲೂ 25 ಪಡೆದವರು ಮುಟ್ಟುತ್ತಿದ್ದರು. ಆಕ್ಸ್‌ಫರ್ಡಿನಲ್ಲಿ ಎಲ್‌ಎಲ್‌ಎಂ ಮಟ್ಟದ್ದಾದ ಬಿಸಿಎಲ್ ಪದವಿಯ ಲೆಕ್ಕ ಬೇರೆ: ಐಇಎಲ್‌ಟಿಎಸ್‌ನಲ್ಲಿ ಒಟ್ಟು 7.5, ಯಾವ ವಿಭಾಗದಲ್ಲೂ 7ಕ್ಕೆ ಕಡಿಮೆಯಿಲ್ಲ. ಅಂದರೆ ವಿಭಾಗಗಳ ಕನಿಷ್ಠವನ್ನು ಮುಟ್ಟಿದರಷ್ಟೇ ಸಾಲದು. ಅಲ್ಲಿ ಒಟ್ಟು ಅಂಕಕ್ಕೂ ಅರ್ಥವಿದೆ.

ಹಾರ್ವರ್ಡ್ ಉದಾಹರಣೆಯಲ್ಲಿ ಮಾತಿನ ಆ ಒಂದಂಕ ಹೋಗುತ್ತಿದ್ದುದಾದರೂ ಎಲ್ಲಿ? ಹಳೆಯ ಟೋಫೆಲ್‌ನ ಮಾತಿನ ಮೊದಲ ಪ್ರಶ್ನೆಗೆ ಯೋಚಿಸಲು 15 ಸೆಕೆಂಡು, ಮೈಕಿನ ಮುಂದೆ ಉತ್ತರಿಸಲು 45 ಸೆಕೆಂಡು. ತೀರ್ಪೊಂದನ್ನು ಸಾವಧಾನವಾಗಿ ಓದಿ ಅದರ ವಾದಸರಣಿಯನ್ನು ಬಿಡಿಸುವ ಶಕ್ತಿ ಈ ಅವಸರದಲ್ಲಿ ತಿಳಿಯುವಂಥದ್ದಲ್ಲ.

ವಿನಾಯಿತಿಯದು ಇನ್ನೊಂದು ಕಥೆ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರಿಗೆ ಅಮೆರಿಕದ ಅನೇಕ ಶಾಲೆಗಳು ಪರೀಕ್ಷೆಯನ್ನೇ ಮನ್ನಾ ಮಾಡುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪದವೀಧರರಿಗೆ ಇದು ಸಲೀಸು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೂ ಉತ್ತರ ಬರೆಯಬಹುದು. ಹಾಗೆ ಬರೆದವರೂ ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಓದುವುದು ಬಹುಪಾಲು ಇಂಗ್ಲಿಷಿನಲ್ಲೇ, ಏಕೆಂದರೆ ಸಂವಿಧಾನದ 348ನೇ ವಿಧಿ ಆ ನ್ಯಾಯಾಲಯಗಳ ಭಾಷೆಯನ್ನು ಇಂಗ್ಲಿಷ್ ಎಂದು ನಿಗದಿಪಡಿಸಿದೆ. ಮಾಧ್ಯಮದ ಪ್ರಮಾಣಪತ್ರದಲ್ಲಿ ಈ ಓದಿಗೆ ಜಾಗವಿಲ್ಲ. ಇಂಥವರಿಗೆ ಪರೀಕ್ಷೆ, ಎಷ್ಟೇ ಅಪೂರ್ಣವಾಗಿರಲಿ, ವಿನಾಯಿತಿಗಿಂತ ನ್ಯಾಯವಾದ ದಾರಿ ಎಂಬುದು ನನ್ನ ನಿಲುವು.

ಶಾಲೆಗಳು ಮಾಧ್ಯಮದ ಹಣೆಪಟ್ಟಿ ನೋಡಿ ಮನ್ನಾ ಮಾಡುವುದನ್ನು ಕೈಬಿಟ್ಟು, ತೀರ್ಪೊಂದರ ಮೇಲೆ ಟಿಪ್ಪಣಿ ಬರೆಸಿ ನೋಡಬೇಕು. ನಮ್ಮ ಕಾಲೇಜುಗಳು ಕನ್ನಡದಲ್ಲಿ ಉತ್ತರಿಸುವ ವಿದ್ಯಾರ್ಥಿಗಳಿಗೂ ಇಂಗ್ಲಿಷಿನಲ್ಲಿ ವಾದಿಸುವ ಅಭ್ಯಾಸವನ್ನು ಮೊದಲ ವರ್ಷದಿಂದಲೇ ಮಾಡಿಸಲಿ.