ಹೆಸರು ಹೇಳಬಾರದ ಹಕ್ಕಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಲ್ಲಿ ಬೆಳೆದ ಯಾವ ಹೆಂಗಸಿಗೂ ಗೂಬೆಯ ಕೂಗಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊತ್ತು ಮುಳುಗಿ, ದೇವರ ಮುಂದೆ ದೀಪ ಹಚ್ಚಿ, ಕೊಟ್ಟಿಗೆಯ ಕೆಲಸ ಮುಗಿಸಿ ಕೈಕಾಲು ತೊಳೆಯುವ ಹೊತ್ತಿಗೆ ಬೆಟ್ಟದ ಕಡೆಯಿಂದ ಅದು ಶುರುವಾಗುತ್ತದೆ. ಮೊದಲು ನಿಧಾನವಾಗಿ ಒಂದೊಂದೇ ಕೂಗು. ಆಮೇಲೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಬೇಗ ಬೇಗ. ಕೊನೆಗೆ ದನಿ ಸಣ್ಣದಾಗುತ್ತ ನಿಂತೇ ಹೋಗುತ್ತದೆ. ಅದು ಏನೆಂದು ಕೇಳಿದರೆ ನಮ್ಮ ಅಮ್ಮಮ್ಮ, "ರಾತ್ರಿ ಹೊತ್ತಿಗೆ ಅದ್ರ ಹೆಸ್ರು ಹೇಳಡದೇ ಕೂಸೇ" ಎನ್ನುತ್ತಿದ್ದಳು. ಮಗು ಮಲಗಿರುವ ಮನೆಯಲ್ಲಂತೂ ಆ ಮಾತೇ ಕೂಡದು.

ಗೂಬೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ದೊಡ್ಡ ಗಾತ್ರದ, ಕಿವಿಯಂತೆ ಪುಕ್ಕ ನೆಟ್ಟಗೆ ನಿಂತ ಹಕ್ಕಿ. ಆದರೆ ಸಂಜೆ ಕೂಗುವ ಈ ಜೀವ ಇರುವುದು ಗೇಣುದ್ದಕ್ಕಿಂತ ಒಂದು ಬೆರಳು ಹೆಚ್ಚು ಕಡಿಮೆ, ಸುಮಾರು 20 ಸೆಂಟಿಮೀಟರು. ಗುಂಡು ತಲೆ, ಹಳದಿ ಕಣ್ಣು, ಮೈತುಂಬ ಕಂದು-ಬಿಳಿ ಅಡ್ಡಗೆರೆ. ಇದು ಕಾಡು ಹಾಲಕ್ಕಿ. ಪೇಟೆಯ ಹಳೆ ಕಟ್ಟಡ, ಆಲದ ಮರಗಳಲ್ಲಿರುವ ಚುಕ್ಕೆ ಚುಕ್ಕೆಯ ಹಾಲಕ್ಕಿ ಇದರ ನೆಂಟ. ಬುಡುಬುಡಿಕೆಯವನು ಬೆಳಗಿನ ಜಾವ ಬಂದು 'ಹಾಲಕ್ಕಿ ನುಡಿಯಿತು' ಎಂದು ಶುಭ ಹೇಳಿದರೆ ಮೊರದಲ್ಲಿ ಅಕ್ಕಿ ತಂದು ಕೊಡುತ್ತೇವೆ. ಅದೇ ಹಕ್ಕಿ ತಾನಾಗಿ ಬಂದು ನುಡಿದರೆ ಅಪಶಕುನ! ಇದರ ನ್ಯಾಯ ನನಗಂತೂ ಇವತ್ತಿಗೂ ತಿಳಿದಿಲ್ಲ.

ಕಾಡು ಹಾಲಕ್ಕಿಗೆ ಕತ್ತಲೆಯೇ ಬೇಕೆಂದಿಲ್ಲ. ಮುಂಜಾನೆ, ಮುಸ್ಸಂಜೆ ಅದರ ದುಡಿಮೆಯ ಹೊತ್ತು. ಮೋಡ ಕವಿದ ದಿನ ಹಗಲಲ್ಲೂ ಕೂಗುತ್ತದೆ, ಬೇಟೆಯಾಡುತ್ತದೆ. ಮಿಡತೆ, ಜೀರುಂಡೆ, ಹಲ್ಲಿ, ಸಣ್ಣ ಇಲಿ, ಕೆಲವೊಮ್ಮೆ ಸಣ್ಣ ಹಕ್ಕಿ ಅದರ ಆಹಾರ. ಯಾರಾದರೂ ಹತ್ತಿರ ಹೋದರೆ ಹಾರುವುದಿಲ್ಲ. ಮುರಿದ ಕೊಂಬೆಯ ಮೋಟಿನಂತೆ ಬಿಗಿದು ಕುಳಿತು ತಲೆ ಮಾತ್ರ ತಿರುಗಿಸುತ್ತದೆ. ಹಗಲಲ್ಲಿ ಪಿಕಳಾರ, ಕಾಜಾಣಗಳ ಕಣ್ಣಿಗೆ ಬಿತ್ತೋ, ಅವೆಲ್ಲ ಸುತ್ತ ಸೇರಿ ಊರೊಟ್ಟಿನ ಜಗಳ ತೆಗೆಯುತ್ತವೆ. ತೋಟದ ಅಂಚಿನಲ್ಲಿ ಹಕ್ಕಿಗಳ ಗದ್ದಲ ಕೇಳಿದರೆ ಹಾವಿರಬೇಕೆಂದು ನಾವು ದೂರ ಸರಿಯುತ್ತೇವೆ. ಎಷ್ಟೋ ಸಲ ಅಲ್ಲಿರುವುದು ಈ ಬಡಪಾಯಿ. ಮಾರ್ಚಿಯಿಂದ ಮೇ ತನಕ ಮರಿ ಮಾಡುವ ಕಾಲ. ತಾನಾಗಿ ಗೂಡು ಕಟ್ಟುವುದಿಲ್ಲ. ಮರಕುಟಿಗವೋ ಕುಟ್ರ ಹಕ್ಕಿಯೋ ಕೊರೆದು ಬಿಟ್ಟ ಪೊಟರೆಯಲ್ಲಿ, ಹುಲ್ಲುಕಡ್ಡಿಯ ಹಾಸಿಗೆಯೂ ಇಲ್ಲದೆ, ಮೂರು ನಾಲ್ಕು ಬಿಳಿ ಮೊಟ್ಟೆ ಇಡುತ್ತದೆ.

ನಮ್ಮ ಕಡೆ ಈ ಪೊಟರೆಗಳಿಗೂ ತೋಟಕ್ಕೂ ನಂಟಿದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಒದಗಲೆಂದು ತೋಟಕ್ಕೆ ಸೇರಿಸಿ ಬಿಟ್ಟುಕೊಟ್ಟ ಕಾಡೇ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದದ್ದು. ಮತ್ತಿ, ಹೊನ್ನೆ, ಕಿಂದಳಗಳ ಕೊಂಬೆ ಸವರಿದ ಗಾಯ ಒಣಗಿ, ಒಳಗೆ ಮಳೆನೀರು ಇಳಿದು, ಮರ ಟೊಳ್ಳಾಗುತ್ತದೆ. ಹಾಗಾಗಿ ಮನುಷ್ಯ ಕೈಯಾಡಿಸಿದ ಬೆಟ್ಟದಲ್ಲೂ ಹಾಲಕ್ಕಿಗೆ ಮನೆ ಸಿಕ್ಕಿತು. ಸೊಪ್ಪು ಹೊತ್ತು ತಂದ, ದರಕು ಗುಡಿಸಿದ ಹೆಂಗಸರು ಯಾವ ಮರದಲ್ಲಿ ಏನಿದೆ ಎಂದು ಬಲ್ಲರು. ಆದರೆ ಅವರ ತಿಳಿವಳಿಕೆ ಕಾಗದಕ್ಕೆ ಇಳಿಯಲಿಲ್ಲ.

ಕಾಗದಕ್ಕೆ ಇಳಿಸಿದವರು ಸಾಹೇಬರು. 1862ರಲ್ಲಿ ನಮ್ಮ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತಲ್ಲ, ಆಮೇಲೆ ಕಾರವಾರಕ್ಕೆ ಬಂದ ಅಧಿಕಾರಿಗಳಲ್ಲಿ ಮೂವರಿಗೆ ಹಕ್ಕಿ, ಚಿಟ್ಟೆಗಳ ಹುಚ್ಚು. ಉಪ್ಪು-ಸುಂಕದ ಇಲಾಖೆಯ ಐಟ್‌ಕೆನ್, ಅರಣ್ಯ ಇಲಾಖೆಯ ಬೆಲ್, ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್. ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದರು. ಬೆಲ್ ನಿವೃತ್ತನಾದ ಮೇಲೂ ಕಾರವಾರ ಬಿಡದೆ 1948ರಲ್ಲಿ ತೀರಿಹೋದ. ಡೇವಿಡ್‌ಸನ್ 1898ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಉತ್ತರ ಕನ್ನಡದ ಹಕ್ಕಿಗಳ ಮೇಲೆ ದೀರ್ಘ ಲೇಖನ ಪ್ರಕಟಿಸಿದ. ಕಂದಾಯದ ಕಡತ ನೋಡುವ ಕಲೆಕ್ಟರ್ ಹಕ್ಕಿಯ ಲೆಕ್ಕವನ್ನೂ ಇಟ್ಟನಲ್ಲ ಎಂದು ಮೆಚ್ಚಬೇಕೆನಿಸುತ್ತದೆ. ಆದರೆ ಆಗಿನ ಲೆಕ್ಕ ಎಂದರೆ ಬಂದೂಕಿನ ಲೆಕ್ಕ. ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಊರು, ತಾರೀಕು ಬರೆದ ಚೀಟಿ ಕಟ್ಟಿ ಲಂಡನ್ನಿಗೆ ಕಳಿಸುವುದು.

ಈ ಡೇವಿಡ್‌ಸನ್ ನಮ್ಮಲ್ಲಿಗೆ ಬರುವ ಮೊದಲು ಮಹಾರಾಷ್ಟ್ರದ ಖಾನದೇಶದಲ್ಲಿದ್ದ. ಅಲ್ಲಿ ಅವನಿಗೆ ಸಿಕ್ಕಿದ್ದು ನಮ್ಮ ಹಾಲಕ್ಕಿಯ ಇನ್ನೊಂದು ನೆಂಟ. ಇಂಗ್ಲಿಷಿನಲ್ಲಿ ಫಾರೆಸ್ಟ್ ಔಲೆಟ್. 1872ರಲ್ಲಿ ಈಗಿನ ಛತ್ತೀಸಗಡದ ಕಡೆ ಬ್ಲೂವಿಟ್ ಎಂಬಾತ ಅದನ್ನು ಮೊದಲು ಹಿಡಿದ. ಮರುವರ್ಷ ಹೆಸರಿಟ್ಟವನು ಎ. ಓ. ಹ್ಯೂಮ್, ನಾವು ಮಕ್ಕಳಿಗೆ ಕಾಂಗ್ರೆಸ್ಸಿನ ಸ್ಥಾಪಕ ಎಂದು ಕಲಿಸುವ ಅದೇ ಹ್ಯೂಮ್. (ಅವನ ವರ್ಷಗಟ್ಟಲೆಯ ಹಕ್ಕಿ ಬರಹವನ್ನು ಸಿಮ್ಲಾದಲ್ಲಿ ಮನೆಯ ಆಳು ರದ್ದಿಗೆ ಮಾರಿಬಿಟ್ಟನಂತೆ. ಕಾಗದದ ಕಂತೆ ಕಂಡರೆ ರದ್ದಿಯವನನ್ನು ಕರೆಯುವ ಅಭ್ಯಾಸ ನಮ್ಮದೊಂದೇ ಅಲ್ಲ.) ಜಗತ್ತಿನ ಸಂಗ್ರಹಾಲಯಗಳಲ್ಲೆಲ್ಲ ಸೇರಿ ಆ ಹಕ್ಕಿಯ 7 ಚರ್ಮಗಳು ಮಾತ್ರ. ಹೆಚ್ಚಿನವು ಡೇವಿಡ್‌ಸನ್ ಕಳಿಸಿದವು. 1884ರದ್ದೇ ಕೊನೆಯದು. ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ.

ಯಾರ ಕಣ್ಣಿಗೂ ಎಂದರೆ ತಪ್ಪಾದೀತು. ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಕರ್ನಲ್, 1914ರಲ್ಲಿ ಗುಜರಾತಿನ ತಾಪಿ ದಂಡೆಯ ಮಾಂಡ್ವಿಯಲ್ಲಿ ಒಂದನ್ನು ಹೊಡೆದೆ ಎಂದು ಚೀಟಿ ಬರೆದಿಟ್ಟಿದ್ದ. ದೊಡ್ಡ ಮನುಷ್ಯ; ಅವನ ಮಾತನ್ನು ಎಲ್ಲರೂ ನಂಬಿದರು. ಹುಡುಕಿದವರಿಗೆ ಹಕ್ಕಿ ಸಿಗಲಿಲ್ಲ, ನಿರ್ನಾಮವಾಯಿತೆಂದೇ ತಿಳಿದರು. 1990ರ ದಶಕದಲ್ಲಿ ಪಮೇಲಾ ರಾಸ್ಮುಸೆನ್ ಎಂಬ ಅಮೆರಿಕದ ಪಕ್ಷಿತಜ್ಞೆ ಆ ಚರ್ಮಗಳನ್ನು ಎಕ್ಸ್-ರೇ ಹಿಡಿದು ಪರೀಕ್ಷಿಸಿದಳು. ಹಕ್ಕಿಯ ಚರ್ಮ ತುಂಬಿ ಹೊಲಿಯುವುದರಲ್ಲಿ ಒಬ್ಬೊಬ್ಬನದೂ ಒಂದೊಂದು ಕೈ. ಹಳೆ ರವಿಕೆ ಬಿಚ್ಚಿ ಮತ್ತೆ ಹೊಲಿದರೆ ಮೊದಲಿನ ಸೂಜಿಯ ಗುರುತು ಉಳಿಯುವುದಿಲ್ಲವೇ, ಹಾಗೆ ಕರ್ನಲ್ಲನ ಹಕ್ಕಿಯಲ್ಲಿ ಡೇವಿಡ್‌ಸನ್ನನ ಕೈ ಉಳಿದಿತ್ತು! ಬ್ರಿಟಿಷ್ ಮ್ಯೂಸಿಯಮ್ಮಿನಿಂದಲೇ ಕದ್ದು, ಬಿಚ್ಚಿ, ಬೇರೆ ತುಂಬಿ, ಸುಳ್ಳು ಚೀಟಿ ಕಟ್ಟಿದ್ದ. ಸುಳ್ಳು ಊರನ್ನು ಬದಿಗಿಟ್ಟು, ನಿಜವಾದ ಚೀಟಿಗಳ ಊರುಗಳನ್ನೇ ಹಿಡಿದು ಅವಳು ಇಬ್ಬರು ಸಂಗಡಿಗರೊಂದಿಗೆ ಹೊರಟಳು. 1997ರ ನವೆಂಬರ್ 25ರ ಬೆಳಿಗ್ಗೆ ಖಾನದೇಶದ ಶಹಾದದ ಹತ್ತಿರ, ಎಲೆಯಿಲ್ಲದ ಮರದ ಮೇಲೆ ಹಾಡಹಗಲಲ್ಲಿ ಆ ಗೂಬೆ ಕುಳಿತಿತ್ತು. 113 ವರ್ಷದ ಮೇಲೆ! ಆಮೇಲೆ ಮೇಳಘಾಟ್, ಮುಂಬಯಿ ಹತ್ತಿರದ ತಾನಸಾ ಕಾಡಿನಲ್ಲೂ ಸಿಕ್ಕಿದೆ.

ಅಲ್ಲಿಯ ಆದಿವಾಸಿ ಹೆಂಗಸರು ಅಷ್ಟೂ ವರ್ಷ ಅದರ ಕೂಗನ್ನು ಕೇಳುತ್ತಲೇ ಇದ್ದಿರಬೇಕಲ್ಲ ಎಂದು ನನಗೆ ಅನಿಸುತ್ತದೆ. ಅವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕರ್ನಲ್ ಬರೆದ ಸುಳ್ಳಿಗೆ ಇದ್ದ ಬೆಲೆ ಅವರ ಕಿವಿಗೆ ಇರಲಿಲ್ಲ. ನಮ್ಮ ಅಮ್ಮಮ್ಮನ ಕಿವಿಗೂ ಇರಲಿಲ್ಲ.

ನಮ್ಮ ಕಾಡು ಹಾಲಕ್ಕಿ ಹಾಗೆ ಕಾಣೆಯಾಗಿಲ್ಲ, ಇನ್ನೂ ಸಾಕಷ್ಟಿದೆ. ಆದರೆ ಪೊಟರೆ ಬೇಕೆನ್ನುವ ಹಕ್ಕಿಗೆ ವಯಸ್ಸಾದ ಮರ ಬೇಕು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಹತ್ತಿರದ ಕಾಡಿನಲ್ಲಿ ಹೆಂಗಸರು, ಗಂಡಸರು, ಮಕ್ಕಳು ಮರಗಳನ್ನು ತಬ್ಬಿ ನಿಂತರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಅಪ್ಪಿಕೋ ಚಳವಳಿ ಅದು. ನಾನಾಗ ಶಾಲೆಯ ಹುಡುಗಿ. ದೊಡ್ಡವರ ಬಾಯಲ್ಲೆಲ್ಲ ಅದೇ ಸುದ್ದಿ. ನೀರು, ಸೊಪ್ಪು, ತೋಟ ಎಂದು ಅವರು ಹೋರಾಡಿದರು. ಗೂಬೆಯ ಹೆಸರನ್ನು ಯಾರೂ ಎತ್ತಿರಲಿಕ್ಕಿಲ್ಲ. ಆದರೂ ಉಳಿದ ಹಳೆ ಮರದಲ್ಲಿ ಅದರ ಸಂಸಾರವೂ ಉಳಿಯಿತು. ಈಗ ಬೆಟ್ಟದಲ್ಲಿ ಟೊಳ್ಳು ಮರ ಕಂಡರೆ 'ಒಣಗಿದ್ದು, ಬಿದ್ದೀತು' ಎಂದು ಕಡಿಸುವವರೇ ಹೆಚ್ಚು. ಇನ್ನು ದೀಪಾವಳಿಯ ಸುತ್ತಮುತ್ತ ಮಾಟ-ಮಂತ್ರಕ್ಕೆಂದು ಗೂಬೆಗಳನ್ನು ಹಿಡಿದು ಮಾರುವ ದಂಧೆ ದೇಶದಲ್ಲಿದೆ ಎಂದು 2010ರಲ್ಲಿ ಟ್ರಾಫಿಕ್ ಸಂಸ್ಥೆಯ ವರದಿ ಬಂತು. ಅದೇ ಹಬ್ಬದಲ್ಲಿ ನಾವು ಪೂಜಿಸುವ ಲಕ್ಷ್ಮಿಗೆ ಬಂಗಾಳದವರು ಗೂಬೆಯನ್ನೇ ವಾಹನ ಮಾಡಿದ್ದಾರೆ.

ಎರಡು ವರ್ಷದಿಂದ ನನ್ನ ಏಳನೇ ತರಗತಿಯ ಮಕ್ಕಳ ಕೈಯಲ್ಲಿ ಒಂದು ಉದ್ದ ಪಟ್ಟಿ ಬರೆಸುತ್ತಿದ್ದೇನೆ. ಮನೆಯ ಅಜ್ಜಿಯಂದಿರನ್ನು ಕೇಳಿ ಹಕ್ಕಿಯ ಹೆಸರು, ಕಂಡ ದಿನ, ಜಾಗ, ಮರ ಇಷ್ಟನ್ನೂ ಬರೆಯಬೇಕು. ಕಾಣದ್ದನ್ನು ಬರೆಯುವ ಹಾಗಿಲ್ಲ. ಕೆಲವು ತಾಯಂದಿರು "ಪಾಠ ಬಿಟ್ಟು ಇದೆಂತದು ಅಕ್ಕೋರೇ" ಎಂದು ಕೇಳಿದ್ದೂ ಉಂಟು. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗಿ ಬರೆದು ತಂದದ್ದು ಇಷ್ಟು: ಮಾರ್ಚ್ 14, ಸಂಜೆ, ಹಿತ್ತಲಿನ ಆಚೆಯ ಬೆಟ್ಟ, ಮತ್ತಿ ಮರದ ಪೊಟರೆ, ಹಾಲಕ್ಕಿ, ಎರಡು. 'ಪೊಟರೆ'ಯನ್ನು 'ಪೋಟರೆ' ಎಂದು ಬರೆದಿದ್ದಳು. ಅದೊಂದನ್ನು ತಿದ್ದಿ ಸಹಿ ಹಾಕಿದೆ.