ಮೈನೋವಿನ ಲೆಕ್ಕ

ನಾನು ಗರಡಿಮನೆಯ ಹಿಂದಿನ ಬೀದಿಯಲ್ಲಿ ಬೆಳೆದವನು. ಬೆಳಗಿನ ಜಾವ ಪೈಲ್ವಾನರು ಸಾಮು ಮಾಡುವಾಗ ಹೊರಡುತ್ತಿದ್ದ 'ಹ್ಞೂಂ' ಎಂಬ ಸದ್ದೇ ನಮ್ಮ ಮನೆಯ ಗಡಿಯಾರ. ಆದರೂ ನಾನು ಮಟ್ಟಿಗೆ ಇಳಿದವನಲ್ಲ. ಮೈ ಕಟ್ಟೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಬಾಗಿಲ ಬಳಿ ನಿಂತು ನೋಡುವುದು, ಉಸ್ತಾದರಿಗೆ ಟೀ ತಂದುಕೊಡುವುದು, ಅವರ ಮಾತು ಕೇಳುವುದು, ಇಷ್ಟೇ ನನ್ನ ಪಾಲಿಗೆ ಬಂದ ಕುಸ್ತಿ.

1968ರಲ್ಲಿ ಬೊಂಬಾಯಿಯಲ್ಲಿ ದಾರಾಸಿಂಗ್ ಅಮೆರಿಕದ ಲೂ ಥೆಸ್ಸನನ್ನು ಸೋಲಿಸಿದ ಸುದ್ದಿಯನ್ನು ಗರಡಿಯಲ್ಲಿ ಎಷ್ಟೋ ವರ್ಷ ಹೇಳಿಕೊಳ್ಳುತ್ತಿದ್ದರು. ನಾನೊಮ್ಮೆ ಉಸ್ತಾದರನ್ನು ಕೇಳಿಬಿಟ್ಟೆ: "ಅದು ನಿಜವಾದ ಕುಸ್ತಿನಾ, ಮೊದಲೇ ಮಾತಾಡ್ಕೊಂಡು ಆಡಿದ್ದಾ?" ಅವರು ಸಿಟ್ಟಾಗಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ, "ಮೈನೋವು ಮಾತ್ರ ನಿಜ ಕಣೋ, ಮಿಕ್ಕಿದ್ದು ಅವರವರಿಗೇ ಗೊತ್ತು" ಎಂದರು. ಆ ಉತ್ತರ ನನಗೆ ಆಗ ಹಾರಿಕೆಯದ್ದೆನಿಸಿತ್ತು. ಮುಂದೆ ಲೂ ಥೆಸ್ ಯಾರೆಂದು ಹುಡುಕುತ್ತ ಹೋದಾಗ ಸಿಕ್ಕಿದ ಇನ್ನೊಬ್ಬ ಮನುಷ್ಯನಿಂದ ಅದರ ಅರ್ಥ ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಂಡಿತು. 1939ರ ಜೂನ್ 23ರಂದು ಹ್ಯೂಸ್ಟನ್ ನಗರದಲ್ಲಿ ಇದೇ ಥೆಸ್ಸನಿಂದ ವಿಶ್ವ ಚಾಂಪಿಯನ್ ಪಟ್ಟವನ್ನು ಗೆದ್ದ ಆ ಮನುಷ್ಯನ ಹೆಸರು ಬ್ರಾಂಕೊ ನಗುರ್ಸ್ಕಿ. ಅವನು ಮೂಲತಃ ಕುಸ್ತಿಯವನೇ ಅಲ್ಲ, ಫುಟ್‌ಬಾಲಿನವನು.

ಫುಟ್‌ಬಾಲ್ ಎಂದರೆ ನಾವು ಕಾಲಿನಲ್ಲಿ ಒದೆಯುವ ಆಟವಲ್ಲ. ಅಮೆರಿಕದವರು ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳನ್ನು ಭೇದಿಸಿ ಓಡುತ್ತಾರೆ. ತಡೆಯುವವರು ಓಡುವವನ ಸೊಂಟಕ್ಕೋ ಕಾಲಿಗೋ ಹಾರಿಬಿದ್ದು ನೆಲಕ್ಕೆ ಕೆಡವುತ್ತಾರೆ. ಹಾಗೆ ಕೆಡವುವುದೇ ಟ್ಯಾಕಲ್. ಈ ಆಟದಲ್ಲಿ ನೆಲವನ್ನು ಗಜದ ಲೆಕ್ಕದಲ್ಲಿ ಗೆಲ್ಲಬೇಕು. ಹತ್ತು ಗಜ ಮುಂದೆ ಹೋದೆಯೋ ಇಲ್ಲವೋ ಎಂಬುದನ್ನು ಸರಪಳಿ ಹಿಡಿದು ಅಳೆಯುತ್ತಾರೆ. ಸುಳ್ಳಿಗೆ ಜಾಗ ಕಡಿಮೆ.

ನಗುರ್ಸ್ಕಿ 1908ರಲ್ಲಿ ಕೆನಡಾದ ರೈನಿ ರಿವರ್‌ನಲ್ಲಿ ಹುಟ್ಟಿದ. ತಂದೆತಾಯಿ ಉಕ್ರೇನಿನಿಂದ ವಲಸೆ ಬಂದವರು. ಬೆಳೆದದ್ದು ಗಡಿಯ ಈಚೆ, ಮಿನ್ನೆಸೋಟಾದ ಇಂಟರ್‌ನ್ಯಾಷನಲ್ ಫಾಲ್ಸ್ ಎಂಬ ಕೊರೆವ ಚಳಿಯ ಊರಿನಲ್ಲಿ. ಅವನ ಬಗ್ಗೆ ಒಂದು ದಂತಕಥೆಯಿದೆ. ವಿಶ್ವವಿದ್ಯಾಲಯದ ತರಬೇತುದಾರ ಸ್ಪಿಯರ್ಸ್ ದಾರಿ ತಪ್ಪಿ, ಹೊಲದಲ್ಲಿ ಉಳುತ್ತಿದ್ದ ಹುಡುಗನೊಬ್ಬನನ್ನು ಊರಿನ ದಾರಿ ಕೇಳಿದನಂತೆ. ಹುಡುಗ ನೇಗಿಲನ್ನೇ ಎತ್ತಿ ದಿಕ್ಕು ತೋರಿಸಿದನಂತೆ! ಯಾರೂ ಇದನ್ನು ನಿಜವೆಂದು ನಂಬಬೇಕಾಗಿಲ್ಲ. ಆದರೆ ಇಂಥ ಕಥೆ ಹುಟ್ಟಲು ಒಂದು ದೇಹ ಬೇಕು. ಆರಡಿ ಎರಡಂಗುಲದ, ನೂರು ಕಿಲೋ ಮೀರಿದ ಆ ದೇಹ ಅವನಿಗಿತ್ತು.

1930ರಲ್ಲಿ ಅವನು ಷಿಕಾಗೊ ಬೇರ್ಸ್ ತಂಡ ಸೇರಿದ. 1932ರ ಡಿಸೆಂಬರಿನ ನಿರ್ಣಾಯಕ ಪಂದ್ಯ ಹಿಮದ ಹೊಡೆತದಿಂದಾಗಿ ಒಳಾಂಗಣಕ್ಕೆ ಬಂತು. ಕೆಲವೇ ದಿನ ಹಿಂದೆ ಅಲ್ಲಿ ಸರ್ಕಸ್ ನಡೆದಿತ್ತು; ಆ ಮಣ್ಣಿನ ಮೇಲೆಯೇ ಆಟ. ನಗುರ್ಸ್ಕಿ ಚೆಂಡು ಹಿಡಿದು ನುಗ್ಗುವವನಂತೆ ಮುಂದೆ ಬಂದು, ತಟ್ಟನೆ ಹಿಂದೆ ಸರಿದು, ರೆಡ್ ಗ್ರೇಂಜ್ ಎಂಬ ಜೊತೆಗಾರನಿಗೆ ಎಸೆದುಬಿಟ್ಟ. ಎಸೆಯುವವನು ಗೆರೆಯಿಂದ ಐದು ಗಜ ಹಿಂದಿರಬೇಕೆಂಬ ನಿಯಮ ಆಗ ಇತ್ತು. ಎದುರಾಳಿಗಳು ಕೂಗಾಡಿದರು, ಫಲ ಸಿಗಲಿಲ್ಲ. ಬೇರ್ಸ್ 9-0ಯಿಂದ ಗೆದ್ದಿತು. ಮರುವರ್ಷ ನಿಯಮವನ್ನೇ ಬದಲಾಯಿಸಿ, ಗೆರೆಯ ಹಿಂದೆ ಎಲ್ಲಿಂದಲಾದರೂ ಎಸೆಯಬಹುದೆಂದರು. ಬರೀ ಮೈಬಲದ ಮನುಷ್ಯನಿಗೆ ಆ ಗಳಿಗೆಯಲ್ಲಿ ಹಿಂದೆ ಸರಿಯುವ ಬುದ್ಧಿ ಹೊಳೆಯುತ್ತಿರಲಿಲ್ಲ. ಎಲ್ಲರೂ ತನ್ನನ್ನು ಏನೆಂದು ತಿಳಿದಿದ್ದಾರೆ ಎಂಬುದು ಅವನಿಗೆ ಗೊತ್ತಿತ್ತು, ಅದನ್ನೇ ಬಳಸಿಕೊಂಡ.

ಅದು ಮಹಾ ಆರ್ಥಿಕ ಕುಸಿತದ ಕಾಲ. ಮೊದಲ ವರ್ಷ 5000 ಡಾಲರ್ ಇದ್ದ ಅವನ ಸಂಬಳ ಏರುವ ಬದಲು ಇಳಿಯಿತು. ಎದುರಾಳಿಗಳು ಹೆದರುತ್ತಿದ್ದ ಆಟಗಾರ ಸಂಸಾರದ ಲೆಕ್ಕದ ಮುಂದೆ ಹೆದರಬೇಕಾಯಿತು. 1933ರಲ್ಲಿ ಅವನು ಕುಸ್ತಿಯ ರಿಂಗಿಗೆ ಇಳಿದ.

ಅವನಿಗೆ ಈ ದಾರಿಯನ್ನು ಮಾಡಿಕೊಟ್ಟವನು ಗಸ್ ಸೊನೆನ್‌ಬರ್ಗ್ ಎಂಬ ಇನ್ನೊಬ್ಬ ಫುಟ್‌ಬಾಲ್ ಆಟಗಾರ. ವೃತ್ತಿ ಕುಸ್ತಿಯಲ್ಲಿ ಆಗಾಗಲೇ ಸೋಲುಗೆಲುವುಗಳನ್ನು ಪಂದ್ಯ ಏರ್ಪಡಿಸುವವರೇ ತೀರ್ಮಾನಿಸುತ್ತಿದ್ದರು. ಪಟ್ಟು ಹಾಕಿ ಗಂಟೆಗಟ್ಟಲೆ ನೆಲದ ಮೇಲೆ ಒರಗುವ ಕುಸ್ತಿಗೆ ಜನ ಬೇಸತ್ತಿದ್ದರು. ಸೊನೆನ್‌ಬರ್ಗ್ ಫುಟ್‌ಬಾಲಿನ ಟ್ಯಾಕಲನ್ನೇ ರಿಂಗಿಗೆ ತಂದ. ಹಾರಿ ಬಂದು ಎದುರಾಳಿಯ ಹೊಟ್ಟೆಗೆ ತಲೆಯಿಂದ ಗುದ್ದುತ್ತಿದ್ದ. 1929ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ 'ಸ್ಟ್ರ್ಯಾಂಗ್ಲರ್' ಎಂದು ಹೆಸರಾದ ಎಡ್ ಲೂಯಿಸನಿಂದ ಪಟ್ಟ ಅವನ ಕೈಗೆ ಬಂತು. ಅದೇ ವರ್ಷ ಲಾಸ್ ಏಂಜಲೀಸಿನ ಬೀದಿಯಲ್ಲಿ ಇನ್ನೊಬ್ಬ ಕುಸ್ತಿಯವನು ಈ ವಿಶ್ವ ಚಾಂಪಿಯನ್ನನನ್ನು ಅಡ್ಡಗಟ್ಟಿ ಹೊಡೆದ. ರಿಂಗಿನ ಪಟ್ಟ ಬೀದಿಯಲ್ಲಿ ಕೆಲಸಕ್ಕೆ ಬರಲಿಲ್ಲ.

ನಗುರ್ಸ್ಕಿ ಇಂಥ ಲೋಕಕ್ಕೆ ಬಂದ. ಫುಟ್‌ಬಾಲಿನಲ್ಲಿ ಪಡೆದ ಹೆಸರೇ ಇಲ್ಲಿ ಅವನ ಬಂಡವಾಳ. ಇವನು ನಿಜವಾಗಿ ಮನುಷ್ಯರನ್ನು ಕೆಡವಿದ್ದಾನೆ ಎಂದು ಜನರಿಗೆ ಗೊತ್ತಿತ್ತು. ಆ ನಂಬಿಕೆಗೇ ಟಿಕೆಟ್ಟು ಮಾರಾಟವಾಗುತ್ತಿತ್ತು. 1937ರ ಜೂನ್ 29ರಂದು ಮಿನಿಯಾಪೊಲಿಸಿನಲ್ಲಿ ಡೀನ್ ಡೆಟನ್ ಎಂಬುವನನ್ನು ಸೋಲಿಸಿ ಅವನು ಪಟ್ಟಕ್ಕೇರಿದ. ಆ ವರ್ಷದ ಮೂರು ವಾರಗಳಲ್ಲಿ ಐದು ಫುಟ್‌ಬಾಲ್ ಪಂದ್ಯ ಆಡಿ, ನಡುನಡುವೆ ಊರೂರು ಅಲೆದು ಎಂಟು ಕುಸ್ತಿ ಮಾಡಿದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಈ ಎಂಟರಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಿದ್ದಿರಬಹುದು. ಆದರೆ ರಾತ್ರಿ ರೈಲಿನಲ್ಲಿ ಊದಿದ ಮೊಣಕಾಲನ್ನು ಚಾಚಿಕೊಂಡು ಕೂತವನಿಗೆ ಆ ಗೊತ್ತುವಳಿಯಿಂದ ಏನು ಸಮಾಧಾನ?

ಇಲ್ಲಿ ನನಗೆ ಅವನ ಸ್ಪರ್ಧೆಯ ಮನಸ್ಸು ಕಾಣುತ್ತದೆ. ಮೈದಾನದಲ್ಲಿ ಅವನ ಎದುರಾಳಿ ಕಣ್ಣಿಗೆ ಕಾಣುತ್ತಿದ್ದ. ರಿಂಗಿನಲ್ಲಿ ಎದುರು ನಿಂತವನು ನಿಜವಾದ ಎದುರಾಳಿಯಲ್ಲ; ಒಂದರ್ಥದಲ್ಲಿ ಪಾಲುದಾರ. ಅಲ್ಲಿ ಗೆಲ್ಲಬೇಕಾದದ್ದು ತನ್ನ ದೇಹದ ದಣಿವನ್ನು, ಸಂಬಳ ಕೊಡುವವರ ಜಿಪುಣತನವನ್ನು, ಏರುವ ವಯಸ್ಸನ್ನು. 1937ರ ಋತು ಮುಗಿದ ಮೇಲೆ ಅವನು 6000 ಡಾಲರ್ ಕೇಳಿದ. ಬೇರ್ಸ್ ಒಡೆಯ ಜಾರ್ಜ್ ಹ್ಯಾಲಸ್ ಒಪ್ಪಲಿಲ್ಲ. ನಗುರ್ಸ್ಕಿ ಜಗಳ ಮಾಡಲಿಲ್ಲ, ಎದ್ದು ಹೋದ. ನಿಜವಾದ ಆಟ ಹೊಟ್ಟೆ ತುಂಬಿಸಲಿಲ್ಲ, ಒಪ್ಪಂದದ ಆಟ ತುಂಬಿಸಿತು. ಅವನನ್ನು ಹಂಗಿಸಲು ನನಗೆ ಮನಸ್ಸು ಬರುವುದಿಲ್ಲ. ಮುಂದೆ ಅದೇ ಮಿನ್ನೆಸೋಟಾದ ವರ್ನ್ ಗಾನ್ಯ, ಫುಟ್‌ಬಾಲನ್ನೂ ಹವ್ಯಾಸಿ ಕುಸ್ತಿಯನ್ನೂ ಬಲ್ಲವನು, ಇದೇ ಕವಲಿನಲ್ಲಿ ನಿಂತು ಕುಸ್ತಿಯನ್ನೇ ಆರಿಸಿಕೊಂಡ.

ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಗೆಲುವು ಮೊದಲೇ ಗೊತ್ತಿರುವ ಕಣದಲ್ಲಿ ವರ್ಷಗಟ್ಟಲೆ ಇದ್ದವನ ಒಳಗಿನ ಛಲ ಏನಾಗುತ್ತದೆ? ತುಕ್ಕು ಹಿಡಿಯುವುದಿಲ್ಲವೇ? ಇದಕ್ಕೆ 1943 ಉತ್ತರ ಕೊಟ್ಟಿತು. ಯುದ್ಧಕ್ಕೆ ಹುಡುಗರೆಲ್ಲ ಹೋಗಿ ತಂಡಗಳು ಬರಿದಾಗಿದ್ದವು. ಹ್ಯಾಲಸನ ತಂಡದವರು ಅವನನ್ನು ಮತ್ತೆ ಕರೆದರು. ಆರು ವರ್ಷ ಫುಟ್‌ಬಾಲಿನಿಂದ ದೂರವಿದ್ದ, ಮೂವತ್ತೈದು ಮುಟ್ಟುತ್ತಿದ್ದ ನಗುರ್ಸ್ಕಿ ಬಂದ. ಓಡುವ ಜಾಗದಲ್ಲಲ್ಲ, ಸಾಲಿನಲ್ಲಿ ನಿಂತು ತಡೆಯುವ ಜಾಗದಲ್ಲಿ. ಋತುವಿನ ಕೊನೆಯ ಪಂದ್ಯದಲ್ಲಿ ಕಾರ್ಡಿನಲ್ಸ್ ಎದುರು ಬೇರ್ಸ್ 14-24ರಿಂದ ಹಿಂದೆ ಬಿದ್ದಿತ್ತು. ಕೊನೆಯ ಭಾಗಕ್ಕೆ ಅವನನ್ನು ಹಳೆಯ ಫುಲ್‌ಬ್ಯಾಕ್ ಜಾಗಕ್ಕೆ ಕಳುಹಿಸಿದರು. ಎದುರು ಸಾಲಿನವರಿಗೂ ಅವನೇ ಚೆಂಡು ಹಿಡಿದು ಬರುತ್ತಾನೆಂದು ಗೊತ್ತು. ಆದರೂ ಅವನು ನುಗ್ಗಿದ, ಗಜ ಗಜವಾಗಿ ನೆಲ ಗೆದ್ದ. ಪಂದ್ಯ 35-24ಕ್ಕೆ ಬೇರ್ಸ್ ಪಾಲಾಯಿತು. ಮುಂದೆ ವಾಷಿಂಗ್ಟನ್ ತಂಡದ ಎದುರು ನಡೆದ ಚಾಂಪಿಯನ್‌ಷಿಪ್ಪಿನಲ್ಲಿ 41-21ರ ಗೆಲುವು. ಅದರಲ್ಲಿ ಅವನದೂ ಒಂದು ಟಚ್‌ಡೌನ್. ಒಪ್ಪಂದದ ಕುಸ್ತಿಯಲ್ಲಿ ಅವನು ಕಳೆದುಕೊಂಡದ್ದು ಏನೇ ಇರಲಿ, ಇದನ್ನಲ್ಲ.

ಆ ಋತು ಮುಗಿಸಿ ಅವನು ಊರಿಗೆ, ಕುಸ್ತಿಗೆ ಮರಳಿದ. ಐವತ್ತರ ಸುಮಾರಿನವರೆಗೂ ರಿಂಗು ಬಿಡಲಿಲ್ಲ. ಆಮೇಲೆ ಇಂಟರ್‌ನ್ಯಾಷನಲ್ ಫಾಲ್ಸ್‌ನಲ್ಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡ. ಅವನು ಟ್ಯಾಂಕಿನ ಮುಚ್ಚಳವನ್ನು ಎಷ್ಟು ಬಿಗಿಯಾಗಿ ತಿರುಗಿಸುತ್ತಿದ್ದನೆಂದರೆ, ಬಿಚ್ಚಿಸಿಕೊಳ್ಳಲು ಗಿರಾಕಿಗಳು ಮತ್ತೆ ಅವನ ಬಳಿಗೇ ಬರಬೇಕಿತ್ತಂತೆ. ಇದೂ ನೇಗಿಲಿನ ಕಥೆಯ ತಮ್ಮನೇ ಇರಬೇಕು. 1963ರಲ್ಲಿ ವೃತ್ತಿ ಫುಟ್‌ಬಾಲಿನ ಕೀರ್ತಿಭವನದ ಮೊದಲ ಪಟ್ಟಿಯಲ್ಲೇ ಅವನ ಹೆಸರು ಸೇರಿತು. 1990ರ ಜನವರಿಯಲ್ಲಿ ಅವನು ತೀರಿಕೊಂಡ. 1993ರಿಂದ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಅವನ ಹೆಸರಿನ ಟ್ರೋಫಿ ಕೊಡುತ್ತಾರೆ. ಜನ ನೆನಪಿಟ್ಟದ್ದು ಅವನ ಫುಟ್‌ಬಾಲನ್ನು. ಸಂಸಾರವನ್ನು ಸಾಕಿದ್ದರಲ್ಲಿ ದೊಡ್ಡ ಪಾಲು ಅವನ ಕುಸ್ತಿಯದು.

ನಮ್ಮ ಉಸ್ತಾದರು ಕೊನೆಯ ದಿನಗಳಲ್ಲಿ ಗರಡಿಯ ಕಟ್ಟೆಯ ಮೇಲೆ ಎರಡೂ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಚಕ್ಕಳಮಕ್ಕಳ ಹಾಕಲು ಆಗುತ್ತಿರಲಿಲ್ಲ. ಯಾವ ಕುಸ್ತಿಯಲ್ಲಿ ಆ ಮೊಣಕಾಲು ಹೋಯಿತು, ಅದು ನಿಜದ್ದೋ ಮಾತಾಡಿಕೊಂಡದ್ದೋ ಎಂದು ನಾನು ಕೇಳಲಿಲ್ಲ. ಟೀ ಲೋಟ ಕೊಡುವಾಗ ಅವರು ಏಳದ ಹಾಗೆ ನಾನೇ ಬಗ್ಗಿ ಕೊಡುತ್ತಿದ್ದೆ.