ಮೈಸೂರಿನ ಪ್ರಜಾಪ್ರತಿನಿಧಿ ಸಭೆ

ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಳ್ವಿಕೆ ಮುಗಿದು, 1881ರ ಮಾರ್ಚ್ 25ರಂದು ಮೈಸೂರು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ದೊರೆತಾಗ, ಕೆಲವೇ ವರ್ಷಗಳ ಹಿಂದಿನ ಮಹಾಕ್ಷಾಮದಿಂದ ಬಳಲಿದ್ದ ನಾಡು ಇನ್ನೂ ಪೂರ್ಣವಾಗಿ ಚೇತರಿಸಿಕೊಂಡಿರಲಿಲ್ಲ. ಅಂಥ ಸಂದರ್ಭದಲ್ಲಿ ದಿವಾನ್ ರಂಗಾಚಾರ್ಲು ಅವರು, ಸರ್ಕಾರದ ಉದ್ದೇಶಗಳನ್ನು ಪ್ರಜೆಗಳಿಗೂ ಪ್ರಜೆಗಳ ಕಷ್ಟಸುಖಗಳನ್ನು ಸರ್ಕಾರಕ್ಕೂ ಮುಖಾಮುಖಿಯಾಗಿ ತಿಳಿಯಪಡಿಸತಕ್ಕ ಸಭೆಯೊಂದನ್ನು ವರ್ಷಕ್ಕೊಮ್ಮೆ, ನಾಡಿನ ಪ್ರಮುಖರು ಹೇಗೂ ರಾಜಧಾನಿಗೆ ಬಂದು ಸೇರುವ ದಸರೆಯ ಕಾಲದಲ್ಲಿ, ಕೂಡಿಸಬೇಕೆಂದು ನಿಶ್ಚಯಿಸಿದರು. ಆ ವರ್ಷದ ಅಕ್ಟೋಬರ್ 7ರಂದು 144 ಮಂದಿ ಪ್ರತಿನಿಧಿಗಳ ಪ್ರಥಮ ಅಧಿವೇಶನ ಮೈಸೂರಿನಲ್ಲಿ ನೆರೆಯಿತು.

ಬಂದವರು ಬಹುಮಟ್ಟಿಗೆ ಜಮೀನುದಾರರು ಮತ್ತು ವರ್ತಕರು. ಕಾನೂನು ಮಾಡುವ ಅಧಿಕಾರವಾಗಲಿ, ತೆರಿಗೆಯನ್ನು ತಡೆಯುವ ಅಧಿಕಾರವಾಗಲಿ ಅವರಿಗಿರಲಿಲ್ಲ. ಆದರೆ ಕೆರೆಯ ದುರಸ್ತಿ, ಕಂದಾಯದ ಭಾರ, ಕಾಡಿನ ಕಟ್ಟಳೆ ಮೊದಲಾದ, ಅದುವರೆಗೆ ಅಮಲ್ದಾರನ ಕಚೇರಿಯ ಜಗಲಿಯಲ್ಲಿ ಕೈಮುಗಿದು ನಿವೇದಿಸಬೇಕಾಗಿದ್ದ ಅಹವಾಲುಗಳು, ದಿವಾನರ ಸಮಕ್ಷದಲ್ಲಿ, ಇತರ ಜಿಲ್ಲೆಗಳವರೂ ಕೇಳುವಂತೆ, ನಾಡಿನ ಪ್ರಶ್ನೆಗಳಾಗಿ ಎದ್ದುನಿಂತವು. ಒಬ್ಬನ ದುಃಖವು ಹಲವರ ವಿಚಾರವಾಯಿತು. ಈ ಸಭೆಯ ಚರಿತ್ರೆಯಲ್ಲಿ ಇದಕ್ಕಿಂತ ಮಹತ್ತರವಾದುದು ಮತ್ತೊಂದಿಲ್ಲವೆಂದು ನಾನು ತಿಳಿದಿದ್ದೇನೆ.

ಹಾಗೆಂದು ಸಭೆಯ ಮಾತೆಲ್ಲವೂ ಪ್ರಗತಿಯ ಮಾತಾಗಿದ್ದಿತೆಂದು ಭಾವಿಸಲಾಗದು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿದ 1894ರ ಶಾಸನಕ್ಕೆ ಅಲ್ಲಿ ಪ್ರಬಲ ವಿರೋಧವೇ ವ್ಯಕ್ತವಾಯಿತು; ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಅದನ್ನು ಮೀರಿ ಶಾಸನವನ್ನು ಜಾರಿಗೆ ತಂದಿತು. ಪ್ರಜಾಭಿಪ್ರಾಯವೂ ಧರ್ಮಬುದ್ಧಿಯೂ ಸದಾ ಜೊತೆಯಾಗಿ ನಡೆಯವೆಂಬುದನ್ನು ಮೈಸೂರಿಗರು ಅಂದೇ ಕಂಡರು.

ಸರ್ಕಾರದ ಉದಾರತೆಯೂ ಏಕರೀತಿಯಾಗಿರಲಿಲ್ಲ. 1891ರಲ್ಲಿ ಚುನಾವಣೆ ಬಂದಿತು, ಮತದಾನ ಮಾತ್ರ ಆಸ್ತಿವಂತರಿಗೂ ವಿದ್ಯಾವಂತರಿಗೂ ಮೀಸಲಾಯಿತು. ದಿವಾನ್ ಮಾಧವರಾಯರ ಕಾಲದಲ್ಲಿ, 1907ರಲ್ಲಿ, ನ್ಯಾಯವಿಧಾಯಕ ಸಭೆಯನ್ನು ಸ್ಥಾಪಿಸಿದ ಕೈಯೇ ಮರುವರ್ಷ ಪತ್ರಿಕಾ ಶಾಸನವನ್ನೂ ಹೊರಡಿಸಿತು; ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಪತ್ರಿಕೆಗಳಲ್ಲಿಯೂ ನಿರ್ಭೀತರಾಗಿ ನುಡಿಯುತ್ತಿದ್ದ ತಾತಯ್ಯ ವೆಂಕಟಕೃಷ್ಣಯ್ಯನವರಂಥ ಹಿರಿಯರ ಲೇಖನಿಗೆ ಅದರಿಂದ ತಡೆಯುಂಟಾಯಿತು. ಆದರೂ ಕೇಳುವ ಅಭ್ಯಾಸ ನಿಲ್ಲಲಿಲ್ಲ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಆಯವ್ಯಯವನ್ನು ಕುರಿತು ಚರ್ಚಿಸುವ ಅವಕಾಶ ಲಭಿಸಿತು. 1923ರಲ್ಲಿ, ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ಶಿಫಾರಸಿನ ಫಲವಾಗಿ, ಅದುವರೆಗೆ ಅರಸರ ಅನುಗ್ರಹದಿಂದ ನಡೆಯುತ್ತಿದ್ದ ಸಭೆಗೆ ಶಾಸನದ ಆಧಾರ ಸಿಕ್ಕಿತು.

1949ರಲ್ಲಿ ಈ ಸಭೆ ವಿಸರ್ಜಿತವಾಗಿ, ಅದರ ಸ್ಥಾನಕ್ಕೆ ಪೂರ್ಣಾಧಿಕಾರವುಳ್ಳ ಶಾಸನಸಭೆ ಬಂದಿದೆ. ಅಧಿಕಾರವಿಲ್ಲದಿದ್ದ ಕಾಲದಲ್ಲಿ ಪ್ರತಿನಿಧಿಯು ತನ್ನ ಪ್ರಶ್ನೆಯನ್ನು ವಿವೇಕದಿಂದಲೇ ಗೆಲ್ಲಿಸಬೇಕಾಗಿದ್ದಿತು. ಸಂಖ್ಯಾಬಲದಿಂದ ಗೆಲ್ಲಲು ಸಾಧ್ಯವಾಗಿರುವ ಇಂದು, ಆ ವಿವೇಕವು ಅನಾವಶ್ಯಕವೆಂದು ಯಾರಿಗಾದರೂ ತೋರಿದಲ್ಲಿ, ನಾವು ಪಡೆದದ್ದು ಅಧಿಕಾರವನ್ನು ಮಾತ್ರ, ಸ್ವರಾಜ್ಯವನ್ನಲ್ಲ.